ಪಾರ್ಕಿಂಗ್ ಚೀಟಿ ದಂಡದ ಚೀಟಿಯಲ್ಲ: ಗಡಿಭಾಗದ ವಾಹನ ಸವಾರರು ತಿಳಿದಿರಬೇಕಾದ ಹಕ್ಕುಗಳು

ಉಮರ್ಗಾ, ನಿಲಂಗಾ ಮತ್ತು ಉದಗೀರ ತಾಲೂಕುಗಳ ಕನ್ನಡ ಕುಟುಂಬಗಳ ಓಡಾಟ ಒಂದು ಪೇಟೆಗೆ ಸೀಮಿತವಾದುದಲ್ಲ. ಚಿಕಿತ್ಸೆಗೆ ಲಾತೂರ ಅಥವಾ ಸೋಲಾಪುರ, ನೆಂಟಸ್ತಿಕೆಗೆ ಬೀದರ, ಬಸವಕಲ್ಯಾಣ, ಆಳಂದ, ಕಲಬುರಗಿ, ದೊಡ್ಡ ಖರೀದಿಗೆ ಹೈದರಾಬಾದ್. ಹೀಗೆ ಮೂರು ರಾಜ್ಯಗಳ ಊರುಗಳಲ್ಲಿ ನಮ್ಮ ಬೈಕು, ಕಾರು, ಟಂಟಂಗಳು ನಿಲ್ಲುತ್ತವೆ. ನಿಂತಲ್ಲೆಲ್ಲ ಚೀಟಿ ಪುಸ್ತಕ ಹಿಡಿದ ಒಬ್ಬರು ಎದುರಾಗುತ್ತಾರೆ. ಹತ್ತು ರೂಪಾಯಿ, ಇಪ್ಪತ್ತು ರೂಪಾಯಿ, ಕೆಲವೆಡೆ ಐವತ್ತು. ಹಣ ಯಾರಿಗೆ ಹೋಯಿತು, ಯಾವ ಅಧಿಕಾರದಿಂದ ಪಡೆಯಲಾಯಿತು ಎಂದು ಕೇಳುವವರು ವಿರಳ.

ಮೊತ್ತ ಸಣ್ಣದೆಂದು ತೋರಬಹುದು. ವಾರಕ್ಕೆ ಎರಡು ಬಾರಿ 20 ರೂಪಾಯಿ ಕೊಡುವ ಕುಟುಂಬ ವರ್ಷಕ್ಕೆ 2,080 ರೂಪಾಯಿ ಕೊಟ್ಟಿರುತ್ತದೆ. ಕೂಲಿ ಮಾಡುವ ಮನೆಗೆ ಅದು ಸಣ್ಣ ಹಣವಲ್ಲ. ಆದರೆ ನಮ್ಮ ಪಾಲಕರ ಮೌನಕ್ಕೆ ಹಣದ ಲೆಕ್ಕವೊಂದೇ ಕಾರಣವಲ್ಲ. ಮರಾಠಿಯಲ್ಲಿ ಪ್ರಶ್ನೆ ಕೇಳಲು ಹಿಂಜರಿಕೆ, ಕನ್ನಡದ ಉಚ್ಚಾರ ಕೇಳಿದೊಡನೆ ‘ಹೊರಗಿನವರು’ ಎಂಬ ನೋಟ ಬಿದ್ದೀತೆಂಬ ಅಳುಕು, ಜಗಳ ಏಕೆ ಎಂಬ ಸಂಕೋಚ ಇವೆಲ್ಲ ಸೇರಿ ನಮ್ಮವರು ಕೇಳಿದಷ್ಟು ಕೊಟ್ಟು ಹೊರಡುತ್ತಾರೆ. ಹಿಂದೆ ಕುಳಿತ ಮಗು ಇದನ್ನೆಲ್ಲ ನೋಡಿಯೇ ಕಲಿಯುತ್ತದೆ. ಆದ್ದರಿಂದ ಈ ವಿಷಯದಲ್ಲಿ ಕಾನೂನು ಏನು ಹೇಳುತ್ತದೆ, ಜಗಳವಿಲ್ಲದೆ ಪ್ರಶ್ನಿಸುವ ದಾರಿ ಯಾವುದು, ಕನ್ನಡದಲ್ಲಿಯೇ ದೂರು ಕೊಡಲು ಸಾಧ್ಯವೇ ಎಂಬುದನ್ನು ಇಲ್ಲಿ ವಿವರಿಸುತ್ತಿದ್ದೇವೆ.

ಹಣ ಕೇಳುವವರು ಯಾರು?

ವಾಹನ ನಿಲುಗಡೆಯ ಹೆಸರಿನಲ್ಲಿ ಹಣ ಕೇಳುವವರಲ್ಲಿ ನಾಲ್ಕು ಬಗೆಯವರಿದ್ದಾರೆ. ಇವರನ್ನು ಬೇರ್ಪಡಿಸಿ ನೋಡಿದರೆ ಅರ್ಧ ಗೊಂದಲ ತೀರುತ್ತದೆ.

ಮೊದಲನೆಯವರು ಪೊಲೀಸರು. ನಿಷೇಧಿತ ಸ್ಥಳದಲ್ಲಿ ವಾಹನ ನಿಲ್ಲಿಸಿದರೆ, ಸಂಚಾರಕ್ಕೆ ಅಡ್ಡಿ ಮಾಡಿದರೆ ದಂಡ ವಿಧಿಸುವ ಅಧಿಕಾರವನ್ನು 1988ರ ಮೋಟಾರು ವಾಹನ ಕಾಯಿದೆ ಸರ್ಕಾರಿ ವ್ಯವಸ್ಥೆಗೆ ಮಾತ್ರ ಕೊಟ್ಟಿದೆ. ಇದರ ದಾಖಲೆಯೇ ಚಲನ್. ವಾಹನವನ್ನು ಎತ್ತಿಸಲು ಅಥವಾ ಗಾಲಿಗೆ ಬೀಗ ಹಾಕಿಸಲು ಅನುಮತಿ ನೀಡಬಲ್ಲವರು ಆ ವ್ಯಾಪ್ತಿಯ ಸಮವಸ್ತ್ರಧಾರಿ ಪೊಲೀಸ್ ಅಧಿಕಾರಿ ಎಂದು ಇದೇ ಕಾಯಿದೆಯ 127ನೇ ಕಲಮು ಹೇಳುತ್ತದೆ.

ಎರಡನೆಯವರು ಸಾರ್ವಜನಿಕ ಸಂಸ್ಥೆಗಳ ಗುತ್ತಿಗೆದಾರರು. ಯಾವ ಸ್ಥಳ ವಾಹನ ನಿಲುಗಡೆಗೆ ಎಂದು ಗೊತ್ತುಪಡಿಸುವ ಅಧಿಕಾರ 117ನೇ ಕಲಮಿನ ಪ್ರಕಾರ ರಾಜ್ಯ ಸರ್ಕಾರಕ್ಕೆ ಅಥವಾ ಅದು ಅಧಿಕಾರ ನೀಡಿದವರಿಗೆ ಇದೆ. ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಿ ಅದನ್ನು ಮಾಡಬೇಕು. ಉಮರ್ಗಾ, ನಿಲಂಗಾ, ಉದಗೀರ ಮೂರೂ ನಗರಪರಿಷತ್ತುಗಳು. ಮಹಾರಾಷ್ಟ್ರದ 1965ರ ನಗರಪರಿಷತ್ತುಗಳ ಕಾಯಿದೆಗೆ ಒಳಪಟ್ಟವು. ಇಂಥ ಸಂಸ್ಥೆ, ಎಸ್‌ಟಿ ಬಸ್ ನಿಲ್ದಾಣ ಅಥವಾ ರೈಲು ನಿಲ್ದಾಣ ನಿಲುಗಡೆಯ ಜಾಗವನ್ನು ಗುತ್ತಿಗೆಗೆ ಕೊಟ್ಟಾಗ ಗುತ್ತಿಗೆದಾರನಿಗೆ ಸಿಗುವುದು ಕರಾರಿನಲ್ಲಿ ಬರೆದ ದರದಲ್ಲಿ, ಕರಾರಿನಲ್ಲಿ ಗುರುತಿಸಿದ ಜಾಗದಲ್ಲಿ ಶುಲ್ಕ ಪಡೆಯುವ ಅಧಿಕಾರ ಮಾತ್ರ. ಗೇಟಿನ ಹೊರಗಿನ ರಸ್ತೆ ಅವನದಲ್ಲ.

ಮೂರನೆಯವರು ಖಾಸಗಿ ಜಾಗದವರು: ಆಸ್ಪತ್ರೆ, ಚಿತ್ರಮಂದಿರ, ಮಂಗಲ ಕಾರ್ಯಾಲಯ, ಮಾಲ್. ಇವರು ಕೇಳುವುದು ಸೇವೆಯ ಬೆಲೆ.

ನಾಲ್ಕನೆಯವರು ಯಾವ ಅಧಿಕಾರವೂ ಇಲ್ಲದವರು. ಜಾತ್ರೆ, ಸಂತೆ, ಪರೀಕ್ಷಾ ಕೇಂದ್ರಗಳ ಮುಂದೆ ಸಾರ್ವಜನಿಕ ರಸ್ತೆಯಲ್ಲಿಯೇ ಹಗ್ಗ ಕಟ್ಟಿ ಹಣ ಕೇಳುವವರು ಈ ಗುಂಪಿಗೆ ಸೇರಬಹುದು. ಅನುಮತಿ ಪತ್ರ ಅಥವಾ ಕರಾರಿನ ಪ್ರತಿ ತೋರಿಸಲಾಗದವರಿಗೆ ಹಣ ಕೊಡಬೇಕಾದ ಬದ್ಧತೆ ನಮಗಿಲ್ಲ.

ದಂಡ ಬೇರೆ, ಶುಲ್ಕ ಬೇರೆ

ಖಾಸಗಿ ವ್ಯಕ್ತಿಯಾಗಲಿ ಗುತ್ತಿಗೆದಾರನಾಗಲಿ ‘ದಂಡ’ ವಿಧಿಸಲಾರ. ಚೀಟಿಯ ಮೇಲೆ ಆ ಪದವನ್ನು ಅಚ್ಚು ಹಾಕಿಸಿದ ಮಾತ್ರಕ್ಕೆ ಅದು ದಂಡವಾಗುವುದಿಲ್ಲ. ಅವನಿಗೂ ನಮಗೂ ಇರುವುದು ಒಂದು ಒಪ್ಪಂದ. ‘ಚೀಟಿ ಕಳೆದರೆ 500 ರೂಪಾಯಿ’ ಎಂಬಂಥ ಷರತ್ತುಗಳನ್ನು 1872ರ ಭಾರತೀಯ ಕರಾರು ಕಾಯಿದೆಯ 74ನೇ ಕಲಮಿನ ಬೆಳಕಿನಲ್ಲಿ ನೋಡಬೇಕು. ಕರಾರು ಮುರಿದಾಗ ಸಿಗಬೇಕಾದದ್ದು ನ್ಯಾಯಯುತವಾದ ಪರಿಹಾರ. ಕರಾರಿನಲ್ಲಿ ಬರೆದ ಮೊತ್ತ ಅದರ ಗರಿಷ್ಠ ಮಿತಿಯೇ ಹೊರತು, ಕಣ್ಣು ಮುಚ್ಚಿ ಕೊಡಬೇಕಾದ ಹಣವಲ್ಲ. ಹತ್ತು ರೂಪಾಯಿಯ ಚೀಟಿ ಕಳೆದವರು ಆರ್‌ಸಿ ತೋರಿಸಿ ವಾಹನ ತಮ್ಮದೆಂದು ಸಾಬೀತುಪಡಿಸಿದ ಮೇಲೆ ಐನೂರು ರೂಪಾಯಿಯ ನಷ್ಟ ಯಾರಿಗೆ, ಹೇಗೆ ಆಯಿತು ಎಂದು ಕೇಳುವುದು ನ್ಯಾಯವಾದ ಪ್ರಶ್ನೆ.

ಹಣ ಕೊಡದೆ ಹೋಗಬಾರದೆಂದು ಸಿಬ್ಬಂದಿ ನಮ್ಮ ಕೀಲಿಕೈ ಕಿತ್ತುಕೊಳ್ಳುವುದು, ಗಾಲಿಗೆ ಬೀಗ ಜಡಿಯುವುದು, ಅಡ್ಡ ನಿಂತು ಹೋಗಗೊಡದಿರುವುದು ಗಂಭೀರ ಸಂಗತಿಗಳು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 126ನೇ ಕಲಮು, ಹೋಗಲು ಹಕ್ಕಿರುವ ವ್ಯಕ್ತಿಯನ್ನು ಅಕ್ರಮವಾಗಿ ತಡೆಯುವುದನ್ನು ಅಪರಾಧವೆಂದು ಪರಿಗಣಿಸಿ ಒಂದು ತಿಂಗಳವರೆಗಿನ ಸಾದಾ ಸೆರೆವಾಸ ಅಥವಾ 5,000 ರೂಪಾಯಿವರೆಗಿನ ದಂಡ, ಇಲ್ಲವೇ ಎರಡನ್ನೂ ವಿಧಿಸಿದೆ. ಇಂಥ ಸಂದರ್ಭದಲ್ಲಿ ಮಾತಿಗೆ ಮಾತು ಬೆಳೆಸದೆ 112ಕ್ಕೆ ಕರೆ ಮಾಡಬೇಕು. ವಾಹನ ಪರವಾನಗಿ, ಆರ್‌ಸಿ ತೋರಿಸಬೇಕೆಂದು ಕೇಳುವ ಕಾನೂನಿನ ಅಧಿಕಾರವೂ ಗುತ್ತಿಗೆದಾರನ ಹುಡುಗನಿಗೆ ಇಲ್ಲ. ಸಮವಸ್ತ್ರದ ಪೊಲೀಸರು ಕೇಳಿದಾಗ ತೋರಿಸುವುದು ನಮ್ಮ ಕರ್ತವ್ಯ. ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿರುವ ದಾಖಲೆ ಸಾಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳು 2018ರಿಂದ ಒಪ್ಪಿವೆ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ದರಫಲಕ ಎದುರಿಗೇ ಇದ್ದು, ಅದನ್ನು ಓದಿ ವಾಹನ ನಿಲ್ಲಿಸಿದ ಮೇಲೆ ಆ ದರ ಕೊಡುವುದು ನಮ್ಮ ಹೊಣೆ. ಹಕ್ಕಿನ ಹೆಸರಿನಲ್ಲಿ ದಿನವಿಡೀ ಬಿಸಿಲಲ್ಲಿ ನಿಂತ ಕೂಲಿ ಹುಡುಗನನ್ನು ಗದರಿಸುವುದು ನಮಗೆ ಶೋಭೆಯಲ್ಲ. ನಮ್ಮ ಪ್ರಶ್ನೆ ಅವನ ಮೇಲಿನ ಗುತ್ತಿಗೆದಾರನಿಗೆ ಮತ್ತು ಗುತ್ತಿಗೆ ಕೊಟ್ಟ ಕಚೇರಿಗೆ.

ಫಲಕ ಮತ್ತು ಪಾವತಿ

ಒಪ್ಪಂದವೆಂದ ಮೇಲೆ ಅದರ ಷರತ್ತು ಮೊದಲೇ ತಿಳಿದಿರಬೇಕು. ಇಂಗ್ಲೆಂಡಿನಲ್ಲಿ ಎರಡು ಗಂಟೆಗಿಂತ ಹೆಚ್ಚು ಕಾರು ನಿಲ್ಲಿಸಿದ ಒಬ್ಬರ ಮೇಲೆ ಖಾಸಗಿ ಕಂಪನಿ 85 ಪೌಂಡ್ ಶುಲ್ಕ ಹೇರಿದ ಪ್ರಕರಣ 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ನ್ಯಾಯಾಲಯ ಕಂಪನಿಯ ಪರವಾಗಿ ತೀರ್ಪು ಕೊಟ್ಟಿತು; ಫಲಕಗಳು ದೊಡ್ಡವಾಗಿ, ಸ್ಪಷ್ಟವಾಗಿ, ಎಲ್ಲರಿಗೂ ಕಾಣುವಂತೆ ಇದ್ದುದು ಅಲ್ಲಿ ಮುಖ್ಯ ಅಂಶವಾಗಿತ್ತು. ಅದೇ ದೇಶ ಖಾಸಗಿ ಜಾಗದಲ್ಲಿ ಗಾಲಿಗೆ ಬೀಗ ಹಾಕುವುದನ್ನು 2012ರ ಅಕ್ಟೋಬರ್ 1ರಿಂದ ನಿಷೇಧಿಸಿದೆ. ಆ ಕಾನೂನು ನಮಗೆ ಅನ್ವಯಿಸದು. ಆದರೆ ಫಲಕವಿಲ್ಲದೆ ಷರತ್ತಿಲ್ಲ ಎಂಬ ವಿವೇಕ ಎಲ್ಲೆಡೆಯೂ ಒಂದೇ.

ಎರಡನೆಯದು ರಸೀದಿ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಸೇವೆಗೆ ಬಿಲ್ಲು ಅಥವಾ ರಸೀದಿ ಕೊಡದಿರುವುದು ‘ಅನುಚಿತ ವ್ಯಾಪಾರ ಪದ್ಧತಿ’. ರಸೀದಿಯಲ್ಲಿ ಕೊಡುವವರ ಹೆಸರು ವಿಳಾಸ, ಕ್ರಮಸಂಖ್ಯೆ, ದಿನಾಂಕ ಇರಬೇಕೆಂದು 2020ರ ನಿಯಮಗಳು ಹೇಳುತ್ತವೆ. ಬರಿಯ ಬಣ್ಣದ ಟೋಕನ್, ವಾಹನ ಸಂಖ್ಯೆ ಗೀಚಿದ ತುಂಡು ಕಾಗದ ರಸೀದಿಯಲ್ಲ. ಜಿಎಸ್‌ಟಿ ಸೇರಿಸಿ ಹಣ ಪಡೆದಿದ್ದರೆ ಜಿಎಸ್‌ಟಿ ಸಂಖ್ಯೆಯೂ ಅಲ್ಲಿರಬೇಕು. ಸಣ್ಣ ಗುತ್ತಿಗೆದಾರನಿಗೆ ನೋಂದಣಿ ಇಲ್ಲದಿರಬಹುದು, ಅದು ತಪ್ಪಲ್ಲ. ಆದರೆ ನೋಂದಣಿ ಇಲ್ಲದವನು ತೆರಿಗೆಯ ಹೆಸರಿನಲ್ಲಿ ಹಣ ಪಡೆಯುವಂತಿಲ್ಲ.

ಇಲ್ಲಿ ಭಾಷೆಯ ಒಂದು ತೊಡಕಿದೆ. ಕನ್ನಡದಲ್ಲಿ ‘ಪಾವತಿ’ ಎಂದರೆ ಹಣ ಸಂದಾಯ. ಮರಾಠಿಯಲ್ಲಿ ‘ಪಾವತೀ’ ಎಂದರೆ ರಸೀದಿ. ‘ಪಾವತೀ ದ್ಯಾ’ ಎಂದರೆ ‘ರಸೀದಿ ಕೊಡಿ’ ಎಂದರ್ಥ. ನಮ್ಮ ಕಿವಿಗೆ ‘ತಕರಾರು’ ಎಂದರೆ ಜಗಳದ ವಾಸನೆ. ಮರಾಠಿ ಕಚೇರಿಗಳಲ್ಲಿ ‘ತಕ್ರಾರ್’ ಎಂದರೆ ಸಾದಾ ದೂರು. ‘ತಕ್ರಾರ್ ಅರ್ಜ’ ಕೊಡುವುದೆಂದರೆ ಜಗಳಕ್ಕೆ ಹೋಗುವುದಲ್ಲ. ‘ವಾಹನತಳ’ ಎಂದರೆ ನಿಲುಗಡೆಯ ಜಾಗ, ‘ದರಪತ್ರಕ’ ಎಂದರೆ ದರಪಟ್ಟಿ, ‘ಠೇಕೇದಾರ’ ಎಂದರೆ ಗುತ್ತಿಗೆದಾರ, ‘ಮುಖ್ಯಾಧಿಕಾರಿ’ ಎಂದರೆ ನಗರಪರಿಷತ್ತಿನ ಆಡಳಿತದ ಮುಖ್ಯಸ್ಥರು, ‘ಆಗಾರ ವ್ಯವಸ್ಥಾಪಕ’ ಎಂದರೆ ಎಸ್‌ಟಿ ಡಿಪೊ ವ್ಯವಸ್ಥಾಪಕರು. ಈ ಆರೇಳು ಪದ ತಿಳಿದರೆ ಫಲಕವನ್ನೂ ಓದಬಹುದು, ಪ್ರಶ್ನೆಯನ್ನೂ ಕೇಳಬಹುದು.

‘ಮಾಲೀಕರ ಜವಾಬ್ದಾರಿಯಲ್ಲಿ’ ಎಂದು ಬರೆದಿದ್ದರೆ?

ಹೆಚ್ಚಿನ ಚೀಟಿಗಳ ಮೇಲೆ ವಾಹನ ಕಳುವಾದರೆ ನಾವು ಹೊಣೆಯಲ್ಲ ಎಂಬ ಸಾಲಿರುತ್ತದೆ. ಇದು ಎಲ್ಲ ಸಂದರ್ಭದಲ್ಲೂ ನಿಲ್ಲುವ ಮಾತಲ್ಲ. 1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿಗೆ ಬಂದ ಅತಿಥಿಯೊಬ್ಬರು ತಮ್ಮ ಮಾರುತಿ ಝೆನ್ ಕಾರನ್ನೂ ಕೀಲಿಕೈಯನ್ನೂ ಹೋಟೆಲಿನ ಸಿಬ್ಬಂದಿಗೆ ಒಪ್ಪಿಸಿ ಒಳಗೆ ಹೋದರು. ಮರಳಿ ಬಂದಾಗ ಕಾರು ಕಳುವಾಗಿತ್ತು. ಚೀಟಿಯ ಮೇಲೆ ‘ಮಾಲೀಕರ ಜವಾಬ್ದಾರಿ’ ಎಂದು ಬರೆದಿದೆ ಎಂಬುದು ಹೋಟೆಲಿನ ವಾದ. ಪ್ರಕರಣ ಸುಪ್ರೀಂ ಕೋರ್ಟು ಮುಟ್ಟಿತು. 2019ರ ನವೆಂಬರ್ 14ರಂದು ತೀರ್ಪು ಬಂತು. ಪೀಠದ ಪರವಾಗಿ ಅದನ್ನು ಬರೆದವರು ಹಾವೇರಿ ಜಿಲ್ಲೆಯವರಾದ ನ್ಯಾಯಮೂರ್ತಿ ಮೋಹನ ಶಾಂತನಗೌಡರ.

ತೀರ್ಪಿನ ಸಾರ ಇಷ್ಟು: ವಾಹನವನ್ನೂ ಕೀಲಿಕೈಯನ್ನೂ ಒಪ್ಪಿಸಿಕೊಂಡ ಮೇಲೆ ಅದನ್ನು ಎಚ್ಚರದಿಂದ ಕಾಯುವ ಹೊಣೆ ಒಪ್ಪಿಸಿಕೊಂಡವರದು. ತಮ್ಮ ಸಿಬ್ಬಂದಿಯ ನಿರ್ಲಕ್ಷ್ಯದ ಹೊಣೆಯನ್ನು ಚೀಟಿಯ ಮೇಲಿನ ಒಂದು ಸಾಲಿನಿಂದ ಕಳಚಿಕೊಳ್ಳಲಾಗದು. ನಿರ್ಲಕ್ಷ್ಯ ನಡೆದಿಲ್ಲವೆಂದು ತೋರಿಸಬೇಕಾದವರೂ ಅವರೇ. ಕೀಲಿಕೈಯನ್ನು ನಾವೇ ಇಟ್ಟುಕೊಂಡು ಬಯಲಲ್ಲಿ ವಾಹನ ನಿಲ್ಲಿಸಿದಾಗ ಈ ಹೊಣೆಯನ್ನು ಸ್ಥಾಪಿಸುವುದು ಕಷ್ಟ. ಅಲ್ಲಿಯೂ ಹಣ ಪಡೆದ ರಸೀದಿ ನಮ್ಮ ಮುಖ್ಯ ಆಧಾರ. ಆದ್ದರಿಂದ ಹೊರಗೆ ಬಂದೊಡನೆ ಚೀಟಿ ಹರಿದೆಸೆಯುವ ರೂಢಿಯನ್ನು ಬಿಡಬೇಕು.

ಮಾಲ್‌ಗಳಲ್ಲಿ ಪಾರ್ಕಿಂಗ್ ಉಚಿತವೇ?

ಮಾಲ್‌ನಲ್ಲಿ ಪಾರ್ಕಿಂಗ್ ಶುಲ್ಕ ಕೇಳುವುದೇ ಅಪರಾಧ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿರುತ್ತದೆ. ಅದು ಅರ್ಧ ಸತ್ಯ. ಗುಜರಾತ್ ಹೈಕೋರ್ಟಿನ ವಿಭಾಗೀಯ ಪೀಠ 2019ರ ಜುಲೈನಲ್ಲಿ ಮಾಲ್ ಮತ್ತು ಮಲ್ಟಿಪ್ಲೆಕ್ಸ್‌ಗಳು ಶುಲ್ಕ ಪಡೆಯುವಂತಿಲ್ಲ ಎಂದಿತು. ಕಟ್ಟಡದ ಅನುಮತಿಯ ಷರತ್ತಾಗಿಯೇ ನಿಲುಗಡೆಯ ಜಾಗ ಬಿಡಬೇಕಾಗಿರುವಾಗ ಅದನ್ನು ಆದಾಯದ ಮೂಲ ಮಾಡಿಕೊಳ್ಳಲಾಗದು ಎಂಬುದು ಅಲ್ಲಿನ ವಾದಸರಣಿ. ತೆಲಂಗಾಣ ಸರ್ಕಾರ 2018ರ ಮಾರ್ಚ್‌ನಲ್ಲಿ ಹೊರಡಿಸಿದ ಆದೇಶದ ಪ್ರಕಾರ ಮಾಲ್‌ಗಳಲ್ಲಿ ಮೊದಲ 30 ನಿಮಿಷ ಎಲ್ಲರಿಗೂ ಉಚಿತ. ಒಂದು ಗಂಟೆಯವರೆಗೆ ಖರೀದಿಯ ಬಿಲ್ಲು ತೋರಿಸಿದವರಿಗೆ ಉಚಿತ. ಆಮೇಲೆ ಬಿಲ್ಲು ಅಥವಾ ಸಿನಿಮಾ ಟಿಕೆಟ್ಟಿನ ಮೊತ್ತ ಪಾರ್ಕಿಂಗ್ ಶುಲ್ಕಕ್ಕಿಂತ ಹೆಚ್ಚಿದ್ದರೆ ಉಚಿತ. 2021ರಲ್ಲಿ ಏಕಪರದೆಯ ಚಿತ್ರಮಂದಿರಗಳಿಗೆ ಇದರಿಂದ ವಿನಾಯಿತಿ ಸಿಕ್ಕಿತು. ಹೈದರಾಬಾದಿಗೆ ಹೋಗುವ ನಮ್ಮ ಕುಟುಂಬಗಳು ಖರೀದಿಯ ಬಿಲ್ಲನ್ನು ಗೇಟಿನವರೆಗೆ ಕೈಯಲ್ಲಿ ಹಿಡಿದಿರಬೇಕಾದದ್ದು ಇದಕ್ಕಾಗಿ. ಕೇರಳ ಹೈಕೋರ್ಟು ಮಾತ್ರ 2025ರಲ್ಲಿ, ಸ್ಥಳೀಯ ಸಂಸ್ಥೆಯ ಪರವಾನಗಿ ಇದ್ದರೆ ಮಾಲ್ ಶುಲ್ಕ ಪಡೆಯಬಹುದೆಂಬ ನಿಲುವನ್ನು ಎತ್ತಿಹಿಡಿಯಿತು.

ಒಂದು ರಾಜ್ಯದ ಆದೇಶ ಇನ್ನೊಂದು ರಾಜ್ಯದಲ್ಲಿ ನಡೆಯದು; ಬೇರೆ ಹೈಕೋರ್ಟಿನ ತೀರ್ಪನ್ನು ಮಹಾರಾಷ್ಟ್ರದಲ್ಲಿ ವಾದಕ್ಕೆ ಬಳಸಬಹುದು, ಆದರೆ ಅದು ಕಡ್ಡಾಯವಲ್ಲ. ಮಹಾರಾಷ್ಟ್ರದಲ್ಲಿ 2020ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಏಕೀಕೃತ ಅಭಿವೃದ್ಧಿ ನಿಯಂತ್ರಣ ನಿಯಮಾವಳಿ ಆಸ್ಪತ್ರೆ, ಸಭಾಗೃಹ, ವಾಣಿಜ್ಯ ಕಟ್ಟಡಗಳಿಗೆ ನಿಲುಗಡೆಯ ಜಾಗವನ್ನು ಕಡ್ಡಾಯಗೊಳಿಸಿದೆ. ನಕ್ಷೆಯಲ್ಲಿ ನಿಲುಗಡೆಗೆಂದು ತೋರಿಸಿದ ಜಾಗದಲ್ಲಿ ಔಷಧದಂಗಡಿ ಎದ್ದಿದ್ದು, ರೋಗಿಯ ಮನೆಯವರು ರಸ್ತೆಯಲ್ಲಿ ವಾಹನ ನಿಲ್ಲಿಸಿ ಪೊಲೀಸ್ ದಂಡ ತೆರಬೇಕಾಗಿದ್ದರೆ, ಆ ಕಟ್ಟಡದ ಮಂಜೂರಾದ ನಕ್ಷೆಯನ್ನು ನಗರಪರಿಷತ್ತಿನಲ್ಲಿ ಕೇಳಬೇಕು.

ಪ್ರಶ್ನಿಸುವ ಕ್ರಮ

ಗೇಟಿನಲ್ಲಿ ವಾದಿಸಿ ಗೆಲ್ಲಬೇಕಾಗಿಲ್ಲ. ಹಣ ಕೊಟ್ಟ ಮಾತ್ರಕ್ಕೆ ಪ್ರಶ್ನಿಸುವ ಹಕ್ಕು ಹೋಗುವುದಿಲ್ಲ. ನಾವು ಸೂಚಿಸುವ ಕ್ರಮ ಹೀಗಿದೆ.

ಒಂದು, ದರಫಲಕದ ಫೋಟೋ ತೆಗೆಯಿರಿ. ಫಲಕವಿಲ್ಲದಿದ್ದರೆ ಆ ಜಾಗದ ಫೋಟೋ ತೆಗೆಯಿರಿ.

ಎರಡು, ರಸೀದಿ ಕೇಳಿ. ಕೊಡದಿದ್ದರೆ ಯುಪಿಐ ಮೂಲಕ ಹಣ ಕೊಡಿ. ಯಾರ ಖಾತೆಗೆ, ಎಷ್ಟು ಗಂಟೆಗೆ, ಎಷ್ಟು ಹೋಯಿತೆಂಬ ದಾಖಲೆ ಮೊಬೈಲಿನಲ್ಲಿಯೇ ಉಳಿಯುತ್ತದೆ.

ಮೂರು, ಗುತ್ತಿಗೆ ಕೊಟ್ಟ ಕಚೇರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ನಗರಪರಿಷತ್ತಿನ ಜಾಗವಾದರೆ ಮುಖ್ಯಾಧಿಕಾರಿಗೆ, ಎಸ್‌ಟಿ ನಿಲ್ದಾಣವಾದರೆ ಆಗಾರ ವ್ಯವಸ್ಥಾಪಕರಿಗೆ, ಉದಗೀರ ರೈಲು ನಿಲ್ದಾಣದಂಥ ಜಾಗವಾದರೆ ರೈಲ್‌ಮದದ್ ಸಂಖ್ಯೆ 139ಕ್ಕೆ. ರಾಜ್ಯ ಸರ್ಕಾರದ ‘ಆಪಲೇ ಸರಕಾರ್’ ಪೋರ್ಟಲ್‌ನಲ್ಲಿಯೂ ದೂರು ದಾಖಲಿಸಬಹುದು.

ನಾಲ್ಕು, ಖಾಸಗಿ ಜಾಗವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.

ಐದು, ಅಲ್ಲಿಯೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಉಮರ್ಗಾದವರಿಗೆ ಧಾರಾಶಿವ, ನಿಲಂಗಾ ಮತ್ತು ಉದಗೀರದವರಿಗೆ ಲಾತೂರ. ಘಟನೆ ನಡೆದ ಎರಡು ವರ್ಷದೊಳಗೆ ದೂರು ಕೊಡಬೇಕು. ಸೇವೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಗಡಿಭಾಗದವರಿಗೆ 2019ರ ಕಾಯಿದೆ ಒಂದು ದೊಡ್ಡ ಅನುಕೂಲ ಮಾಡಿದೆ. ದೂರುದಾರರು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಕಲಬುರಗಿಯಲ್ಲೋ ಹೈದರಾಬಾದಿನಲ್ಲೋ ಆದ ಅನ್ಯಾಯಕ್ಕೆ ಅಲ್ಲಿಗೆ ಅಲೆಯಬೇಕಾಗಿಲ್ಲ.

ಪೊಲೀಸ್ ಇ-ಚಲನ್ ತಪ್ಪಾಗಿದ್ದರೆ ದಾರಿ ಬೇರೆ. ಮಹಾಟ್ರಾಫಿಕ್ ಆ್ಯಪ್‌ನಲ್ಲಿ ಚಲನಿನ ಫೋಟೋ ನೋಡಿ, ವಾಹನ ಸಂಖ್ಯೆ, ಸ್ಥಳ, ಸಮಯ ಹೊಂದದಿದ್ದರೆ ಅಲ್ಲಿಯೇ ಆಕ್ಷೇಪ ದಾಖಲಿಸಬೇಕು. ಅದನ್ನು ಗ್ರಾಹಕ ಆಯೋಗಕ್ಕೆ ಒಯ್ಯಲಾಗದು.

ಯಾವ ಭಾಷೆಯಲ್ಲಿ ದೂರು ಕೊಡಬೇಕು?

ಭಾಷಾ ಅಲ್ಪಸಂಖ್ಯಾತರಾದ ನಾವು 350ಎ ವಿಧಿಯನ್ನು ಮೇಲಿಂದ ಮೇಲೆ ನೆನೆಯುತ್ತೇವೆ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಅದರ ವಿಷಯ. ಅದರ ಪಕ್ಕದಲ್ಲಿಯೇ ಇರುವ 350ನೇ ವಿಧಿಯನ್ನು ಮರೆಯುತ್ತೇವೆ. ಕುಂದುಕೊರತೆಯ ನಿವಾರಣೆಗಾಗಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ ಎಂದು ಆ ವಿಧಿ ಹೇಳುತ್ತದೆ. ಮಹಾರಾಷ್ಟ್ರದಲ್ಲಿ ಕನ್ನಡ ಬಳಕೆಯಲ್ಲಿದೆ ಎಂಬುದಕ್ಕೆ ನಮ್ಮ ಶಾಲೆಗಳೇ ಸಾಕ್ಷಿ. ಆದ್ದರಿಂದ ಮುಖ್ಯಾಧಿಕಾರಿಗೆ ಕೊಡುವ ದೂರನ್ನು ಕನ್ನಡದಲ್ಲಿ ಬರೆಯುವುದು ಯಾರ ಕೃಪೆಯೂ ಅಲ್ಲ, ಸಂವಿಧಾನದ ಹಕ್ಕು. ಉತ್ತರ ಮರಾಠಿಯಲ್ಲಿ ಬರಬಹುದು. ಕೆಲಸ ಬೇಗ ಆಗಬೇಕೆಂದರೆ ಕನ್ನಡದ ಮನವಿಯ ಕೆಳಗೆ ಮರಾಠಿ ಅನುವಾದವನ್ನೂ ಸೇರಿಸುವುದು ಜಾಣತನ.

ಮಾಹಿತಿ ಹಕ್ಕಿನ ಅರ್ಜಿಗೆ ಮಾತ್ರ ನಿಯಮ ಬೇರೆ. 2005ರ ಕಾಯಿದೆಯ ಪ್ರಕಾರ ಅದು ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿರಬೇಕು, ಇಲ್ಲಿ ಮರಾಠಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ ಗಡುವು 30 ದಿನ. ಮಹಾರಾಷ್ಟ್ರದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿದ್ದು 150 ಪದಗಳನ್ನು ಮೀರಬಾರದು. ವಾಹನತಳದ ಕರಾರಿನ ಪ್ರತಿ, ಮಂಜೂರಾದ ದರ, ಕರಾರಿನ ಅವಧಿ, ಜಾಗದ ಗಡಿ ಈ ನಾಲ್ಕನ್ನು ಕೇಳಿದರೆ ಸಾಕು. ನಮ್ಮ ಶಾಲೆಗಳಲ್ಲಿ ಮರಾಠಿ ಕಲಿಯುತ್ತಿರುವ ಮೇಲಿನ ತರಗತಿಯ ಮಕ್ಕಳು ಇದನ್ನು ಬರೆದುಕೊಡಬಲ್ಲರು.

ದೂರಿನ ಮಾದರಿ ಹೀಗಿರಲಿ:

ಗೆ, ಮುಖ್ಯಾಧಿಕಾರಿಗಳು, ……… ನಗರಪರಿಷತ್ತು.
ವಿಷಯ: ವಾಹನ ನಿಲುಗಡೆಯಲ್ಲಿ ಅಧಿಕ ಶುಲ್ಕ ವಸೂಲಿ ಕುರಿತು.
ಮಾನ್ಯರೇ, ದಿನಾಂಕ ……… ರಂದು ……… ಗಂಟೆಗೆ ……… ಸ್ಥಳದಲ್ಲಿ ನನ್ನ ವಾಹನ ಸಂಖ್ಯೆ ……… ನಿಲ್ಲಿಸಿದ್ದಕ್ಕೆ ……… ರೂಪಾಯಿ ಪಡೆಯಲಾಗಿದೆ. ಅಲ್ಲಿ ದರಫಲಕ ಇರಲಿಲ್ಲ / ಫಲಕದ ದರ ……… ಇತ್ತು. ರಸೀದಿ ಕೊಡಲಿಲ್ಲ / ರಸೀದಿ ಲಗತ್ತಿಸಿದೆ. ಮಂಜೂರಾದ ದರವನ್ನು ತಿಳಿಸಬೇಕೆಂದೂ, ಹೆಚ್ಚಾಗಿ ಪಡೆದ ಹಣವನ್ನು ಮರಳಿಸಬೇಕೆಂದೂ, ದರಫಲಕ ಹಾಕಿಸಬೇಕೆಂದೂ ಕೋರುತ್ತೇನೆ. ಈ ಮನವಿಯನ್ನು ಸಂವಿಧಾನದ 350ನೇ ವಿಧಿಯಂತೆ ಕನ್ನಡದಲ್ಲಿ ಸಲ್ಲಿಸಿದ್ದೇನೆ.

ಹತ್ತು ಸಾಲಿನ ಈ ಪತ್ರ ಐದನೆಯ ತರಗತಿಯ ಪತ್ರಲೇಖನ ಪಾಠಕ್ಕಿಂತ ಕಠಿಣವಲ್ಲ. ಡಿಸೆಂಬರ್ 24 ರಾಷ್ಟ್ರೀಯ ಗ್ರಾಹಕ ದಿನ. ಅಂದು ಭಾಷಣಕ್ಕೆ ಬದಲಾಗಿ ಮಕ್ಕಳಿಂದ ತಮ್ಮ ಊರಿನ ಒಂದು ನಿಲುಗಡೆಯ ದರಫಲಕವನ್ನು ಓದಿಸಿ, ಇಂಥ ಒಂದು ಪತ್ರವನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬರೆಯಿಸಬೇಕೆಂದು ನಮ್ಮ ಶಾಲೆಗಳ ಶಿಕ್ಷಕ ಬಾಂಧವರನ್ನು ಕೋರುತ್ತೇವೆ. ಪಾಲಕರು ಇಂದಿನಿಂದಲೇ ಒಂದು ಕೆಲಸ ಮಾಡಬಹುದು: ಮುಂದಿನ ಬಾರಿ ಹಣ ಕೊಡುವಾಗ ‘ಪಾವತೀ ದ್ಯಾ’ ಎಂದು ಕೇಳಿ, ಆ ಕಾಗದವನ್ನು ಮನೆಗೆ ತನ್ನಿ.